ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಪಂಚಕರ್ಮ ಚಿಕಿತ್ಸೆ ಬೇಕೆ?

ಪರ

ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿಗೆ ಆದ ಹಾನಿಯನ್ನು ಯಾವ ವೈದ್ಯಪದ್ಧತಿಯೂ ಅಳಿಸಲಾರದು. ಆದರೆ ಮನೆಯವರು ದಿನವೂ ಏಗಬೇಕಾಗಿರುವುದು ಆ ಹಾನಿಯಿಂದ ಬರುವ ಸ್ನಾಯುಗಳ ಬಿಗಿತದೊಂದಿಗೆ. ಬಟ್ಟೆ ಬದಲಿಸುವಾಗ ಕತ್ತರಿಯಂತೆ ಹೆಣೆದುಕೊಳ್ಳುವ ಕಾಲುಗಳನ್ನು ಬಿಡಿಸುವುದೇ ತಾಯಂದಿರಿಗೆ ಕಷ್ಟವಾಗಿರುತ್ತದೆ. ಆಯುರ್ವೇದದ ಪಂಚಕರ್ಮ ಚಿಕಿತ್ಸೆಯಲ್ಲಿ ಬೆಚ್ಚಗಿನ ಎಣ್ಣೆಯ ಅಭ್ಯಂಗ ಮಾಡಿ, ಹಾಲು ಮತ್ತು ಬಲಾ ಎಂಬ ಮೂಲಿಕೆಯ ಬೇರಿನ ಕಷಾಯದಲ್ಲಿ ಬೇಯಿಸಿದ ನವರ ಎಂಬ ಔಷಧೀಯ ಅಕ್ಕಿಯನ್ನು ಗಂಟು ಕಟ್ಟಿ ಮೈಗೆ ಉಜ್ಜಿದರೆ ಬಿಗಿತ ಕೆಲಹೊತ್ತು ಸಡಿಲವಾಗುತ್ತದೆ, ಆಗಲೇ ಫಿಸಿಯೋಥೆರಪಿಯ ವ್ಯಾಯಾಮ ಮಾಡಿಸಿದರೆ ಮಗು ಅಷ್ಟಾಗಿ ಅಳುವುದಿಲ್ಲ ಎಂಬುದು ಅನೇಕ ಪಾಲಕರ ಅನುಭವ. ಎಳೆಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ನಮ್ಮ ಮನೆಗಳಿಗೆ ಇದು ಹೊಸತೂ ಅಲ್ಲ, ಕಲಿತರೆ ಮನೆಯಲ್ಲೇ ಮುಂದುವರಿಸಬಹುದು. ಇಂಥ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ಪರ್ಯಾಯ ಚಿಕಿತ್ಸೆಗೂ ಅವಕಾಶವಿದೆ.

ವಿರೋಧ

ಎಣ್ಣೆ ಹಚ್ಚುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಮಗು ಕತ್ತು ನಿಲ್ಲಿಸಿದ್ದು, ಕುಳಿತದ್ದು ಚಿಕಿತ್ಸೆಯ ಫಲವೇ ಎಂದು ನಂಬಿ, ಆ ನಂಬಿಕೆಯ ಮೇಲೆ ಸಾಲ ಮಾಡಿ ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿಸುವುದಕ್ಕೆ ಆಕ್ಷೇಪವಿದೆ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. ಅಧಿಕ ಒತ್ತಡದ ಆಮ್ಲಜನಕದಿಂದ ಸೆರೆಬ್ರಲ್ ಪಾಲ್ಸಿ ಸುಧಾರಿಸುತ್ತದೆಯೇ ಎಂದು ತಿಳಿಯಲು 111 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆ ಆಮ್ಲಜನಕವನ್ನೂ ಇನ್ನೊಂದಕ್ಕೆ ತುಸುವೇ ಒತ್ತಡದ ಸಾಧಾರಣ ಗಾಳಿಯನ್ನೂ 40 ಬಾರಿ ಕೊಡಲಾಯಿತು. ಎರಡೂ ಗುಂಪಿನ ಮಕ್ಕಳು ಒಂದೇ ಸಮನೆ ಸುಧಾರಿಸಿದರು. ಹೋಲಿಸಲು ಎರಡನೆಯ ಗುಂಪು ಇಲ್ಲದಿದ್ದರೆ ಅಷ್ಟೂ ಕೀರ್ತಿ ಆಮ್ಲಜನಕಕ್ಕೇ ಸಲ್ಲುತ್ತಿತ್ತು. ಪಾಲಕರು ಕಂಡ ಸುಧಾರಣೆ ಸುಳ್ಳಲ್ಲ. ಅದಕ್ಕೆ ಕೊಡುವ ಕಾರಣವನ್ನು ಮಾತ್ರ ಪರೀಕ್ಷಿಸಬೇಕು.

ಹೊಟ್ಟೆಗೆ ಕೊಡುವ ಔಷಧದ ವಿಚಾರ ಇನ್ನೂ ಗಂಭೀರವಾದುದು. ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರ ಅಧ್ಯಯನ ತೋರಿಸಿತು. ಬೆಳೆಯುವ ಮಿದುಳಿಗೆ ಸೀಸ ನೇರ ವಿಷ. ಈ ಮಕ್ಕಳಲ್ಲಿ ಅನೇಕರಿಗೆ ನುಂಗುವುದೂ ಕಷ್ಟವಾದ್ದರಿಂದ, ಮಲಗಿಸಿ ಬಾಯಿಗೆ ಹೊಯ್ದ ತುಪ್ಪವಾಗಲಿ ಮೂಗಿಗೆ ಬಿಟ್ಟ ಎಣ್ಣೆಯಾಗಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು.

ಕಳೆದುಹೋಗುವ ಕಾಲವೂ ಸಣ್ಣದಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ಸೊಂಟದ ಕೀಲು ಮೆಲ್ಲನೆ ಜರುಗುತ್ತದೆ, ಮೊದಮೊದಲು ನೋವಿಲ್ಲದ ಕಾರಣ ಅದು ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಪಂಚಕರ್ಮಕ್ಕೆ ಸೇರಿಸಿದರೂ ಆ ಎಕ್ಸ್‌ರೇ ತಪ್ಪಬಾರದು, ಮಗುವಿಗೆ ಫಿಟ್ಸ್ ಇದ್ದರೆ ಅದರ ಮಾತ್ರೆಯನ್ನು ನರರೋಗ ತಜ್ಞರನ್ನು ಕೇಳದೆ ಒಂದು ಹೊತ್ತೂ ಬಿಡಿಸಬಾರದು.