ಕತ್ತರಿಸಿ ಹೋದ ಎರಡು ಬೆರಳಗಲದ ಅಂಚು

ನಮ್ಮ ಅಜ್ಜಯ್ಯನ ಮನೆಯ ಜಗಲಿಯಲ್ಲಿ ತೀರ್ಥಹಳ್ಳಿಯ ಒಂದು ಹಳೇ ಚಿತ್ರ ಇತ್ತು. ಕಾಗದದ ಮೇಲೆ ಬಿಡಿಸಿದ ಜಲವರ್ಣ. ಮುಂದೆ ತುಂಗೆ, ಆಚೆ ದಡದಲ್ಲಿ ರಾಮೇಶ್ವರ ದೇವಸ್ಥಾನ, ಹೊಳೆ ನಡುವೆ ಬಂಡೆಗಳು, ರಾಮಮಂಟಪ, ಒಂದು ದೋಣಿ. ಕೆಳಗೆ ಎರಡು ಬೆರಳಗಲದ ಖಾಲಿ ಅಂಚು. ಅದರಲ್ಲಿ ಪೆನ್ಸಿಲ್‌ನಲ್ಲಿ ಏನೋ ಬರೆದಿತ್ತು. ಚಿಕ್ಕವನಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆಯೂ ಹತ್ತಿರ ಹೋಗಿ ಓದಲಿಲ್ಲ.

ಮನೆ ಪಾಲಾದಾಗ ಅದನ್ನು ಯಾರೂ ಕೇಳಲಿಲ್ಲ. "ಗೆದ್ದಲು ಹಿಡಿದ ಫ್ರೇಮು, ಬೇಕಾದ್ರೆ ನೀನೇ ತಗೊಂಡು ಹೋಗು ಮಾರಾಯ" ಅಂದರು ದೊಡ್ಡಪ್ಪ. ತಂದು ಫ್ರೇಮ್ ಹಾಕುವ ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಅಂಚೇ ಇಲ್ಲ. "ಕೊಳೆಯಾಗಿತ್ತು ಸರ್, ಅಳತೆಗೂ ಹೊಂದ್ತಿರಲಿಲ್ಲ, ಕಟ್ ಮಾಡ್ದೆ" ಅಂದರು. ಆ ಚೂರು ಅಷ್ಟರಲ್ಲಿ ಕಸಕ್ಕೆ ಹೋಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಚಿತ್ರದ ಮುಂದೆ ಕೂತು ಅದನ್ನೇ ಕೇಳತೊಡಗಿದೆ, ನೀನು ಯಾವ ಕಾಲದ್ದು ಅಂತ. ತೀರ್ಥಹಳ್ಳಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವ ಕಮಾನು ಸೇತುವೆ ಅದರಲ್ಲಿ ಇಲ್ಲ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಸೇತುವೆ ಅದು. ಹಾಗಾದರೆ ಚಿತ್ರ ಅದಕ್ಕಿಂತ ಹಿಂದಿನದು. ದಾಟಲು ದೋಣಿಯೇ ಗತಿ ಇದ್ದ ಕಾಲ. ಮನೆಗಳ ಮಾಡು ನೋಡಿದೆ. ಹೆಚ್ಚಿನವು ಸೋಗೆಯವು, ಆದರೆ ಎರಡು ಮಾಡು ಮಾತ್ರ ಚಪ್ಪಟೆ ಕೆಂಪು. ಮಂಗಳೂರು ಹೆಂಚು! ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದು ಘಟ್ಟ ಹತ್ತಿ ಬಂದ ಮೇಲೆಯೇ ಈ ಚಿತ್ರ ಹುಟ್ಟಿರಬೇಕು.

ಚಿತ್ರ ಬರೆದವರು ಊರಿನ ಎದುರು ದಡದಲ್ಲಿ, ಕುರುವಳ್ಳಿ ಕಡೆ ಕೂತಿದ್ದರು. ಇದು ಖಂಡಿತ, ದೇವಸ್ಥಾನ ಎದುರಿಗಿದೆ. ಮಳೆಗಾಲದಲ್ಲಿ ಹೊಳೆ ಏರಿದರೆ ರಾಮಮಂಟಪ ಮುಳುಗುತ್ತದೆ. ಚಿತ್ರದಲ್ಲಿ ಅದರ ಬುಡದ ಬಂಡೆಯೂ ಒಣಗಿದೆ. ಜಾತ್ರೆಯ ತೆಪ್ಪ ಇಲ್ಲ, ಜನ ಇಲ್ಲ. ಎಳ್ಳಮಾವಾಸ್ಯೆ ಜಾತ್ರೆ ಮುಗಿದು ಊರು ಸುಮ್ಮನಾದ ಮೇಲಿನ ಬೇಸಿಗೆ ಇರಬೇಕು ಅಂತ ನನಗನ್ನಿಸುತ್ತದೆ.

ಇಷ್ಟನ್ನು ಚಿತ್ರ ಹೇಳಿತು. ಹೆಸರು ಮಾತ್ರ ಹೇಳಲಿಲ್ಲ. ಅದು ಅಂಚಿನ ಜೊತೆ ಹೋಯಿತು.

ಕೆ. ವೆಂಕಟಪ್ಪನವರು ಬಿಡಿಸಿದ ಊಟಿಯ ಜಲವರ್ಣಗಳನ್ನು ನೋಡಲು ಜನ ಬೆಂಗಳೂರಿನ ಗ್ಯಾಲರಿಗೆ ಹೋಗುತ್ತಾರೆ. ನಮ್ಮ ಹೊಳೆ ದಂಡೆಯ ಊರುಗಳನ್ನೂ ಯಾರೋ ಕೂತು ಅಷ್ಟೇ ಪ್ರೀತಿಯಿಂದ ಬರೆದಿದ್ದಾರೆ. ಅವು ಅಟ್ಟದಲ್ಲಿ ಹೊಗೆ ತಿನ್ನುತ್ತಿವೆ. ನಮ್ಮ ಮಳೆ, ನಮ್ಮ ತಂಡಿ ಕಾಗದಕ್ಕೆ ಆಗಿಬರುವುದಿಲ್ಲ. ಗಾಜು ಕಾಗದಕ್ಕೆ ಅಂಟಿಕೊಂಡಿದ್ದರೆ ಬೂಸ್ಟು ಬೇಗ ಹಿಡಿಯುತ್ತದೆ. ಹಿಂದೆ ಇಟ್ಟ ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಇಳಿದು ಅದನ್ನು ಕಂದು ಮಾಡುತ್ತದೆ. ಬಿಸಿಲು ಬಿದ್ದರೆ ಬಣ್ಣ ಹಾರುತ್ತದೆ. ಹಾಗಾಗಿ ಹೊರಗೋಡೆ ಬೇಡ, ಒಳಗಿನ ಒಣ ಗೋಡೆಗೆ ಹಾಕಿ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಜಲವರ್ಣ ನೀರಿಗೇ ಕರಗುತ್ತದೆ. ಮಾಸಿದ ಆಕಾಶಕ್ಕೆ ಹೊಸ ನೀಲಿ ಹಚ್ಚಿಸುವುದಂತೂ ದಯವಿಟ್ಟು ಬೇಡ. ಮಾಸಿದ್ದೇ ಇರಲಿ, ಅದು ಅವರ ಕೈಯದ್ದು ಅಲ್ವಾ?

ಅಂಗಡಿಗೆ ಕೊಡುವ ಮೊದಲು ಮುಂದೆ, ಹಿಂದೆ, ನಾಲ್ಕೂ ಅಂಚು ಫೋಟೋ ತೆಗೆದಿಟ್ಟುಕೊಳ್ಳಿ. ಏನನ್ನೂ ಕತ್ತರಿಸಬೇಡಿ ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ.

ತೀರ್ಥಹಳ್ಳಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಚಿತ್ರದ ಫೋಟೋ ಕೆಳಗೆ ಹಾಕಿದ್ದೇನೆ. ಬಂಡೆಗಳಿಗೆ ನೇರಳೆ ನೆರಳು ಕೊಡುವ ಕೈ ಇದು. ಇಂಥದ್ದೇ ಇನ್ನೊಂದು ಚಿತ್ರ ನಿಮ್ಮ ಮನೆಯಲ್ಲಿದ್ದರೆ, ಅದರ ಕೆಳಗಿನ ಅಂಚಿನಲ್ಲಿ ಪೆನ್ಸಿಲ್ ಬರಹ ಇದೆಯಾ ಅಂತ ಒಮ್ಮೆ ನೋಡಿ ನನಗೆ ತಿಳಿಸಿ.