ಬುಟ್ಟಿಗೆ ಸೀಟು ಬೆಲ್ಟು

ಎಳ್ಳಮಾವಾಸ್ಯೆಯ ಬೆಳಿಗ್ಗೆ ವಿಜಯಪುರದ ಓಣಿಯೊಂದರಲ್ಲಿ ಆರುನೂರು ಕುದುರೆಶಕ್ತಿಯ ಗಾಡಿ ಡಿಕ್ಕಿ ತೆರೆದುಕೊಂಡು ನಿಂತಿತ್ತು. ಹೊಲಕ್ಕೆ ಒಯ್ದು ಚೆಲ್ಲುವ ಚರಗದ ಬುಟ್ಟಿ ಒಳಗೆ ಹೋಗವಲ್ಲದು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣಿಗಾಯಿ, ಪುಂಡಿಪಲ್ಯ ಎಲ್ಲ ತುಂಬಿದ ಬಿದಿರಿನ ಬುಟ್ಟಿ. 'ಏಳು ಸೀಟು, ಇಡೀ ಮನಿ ಮಂದಿ ಕೂಡತಾರ' ಅಂತ ತಂದ ಗಾಡಿ. ಮಂದಿ ಕೂಡತಾರ, ಖರೇ. ಬುತ್ತಿ ಎಲ್ಲಿ ಕೂಡಬೇಕು?

ಈ ಗಾಡಿ, ಅಂದರೆ ಮರ್ಸಿಡಿಸ್-ಎಎಂಜಿ ಜಿಎಲ್‌ಎಸ್ 63ರಲ್ಲಿ ಮೂರನೇ ಸಾಲು ಎದ್ದು ನಿಂತಿದ್ದರೆ ಡಿಕ್ಕಿಗೆ ಉಳಿಯುವುದು 355 ಲೀಟರ್. ಬಿಎಂಡಬ್ಲ್ಯು ಎಕ್ಸ್7ರಲ್ಲಿ 326. ಐದು ಮೀಟರ್ ಮೀರಿದ ಗಾಡಿಗೆ ಸಣ್ಣ ಹ್ಯಾಚ್‌ಬ್ಯಾಕಿನಷ್ಟು ಜಾಗ! ಅದರ ಮೇಲೆ, ಈ ಲೀಟರುಗಳನ್ನು ಅಳೆಯುವುದು 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ಇಟ್ಟಂಗಿಯಂಥ ತುಂಡುಗಳನ್ನು ಪೇರಿಸಿ. ರೊಟ್ಟಿಬುಟ್ಟಿ ದುಂಡಗಿರುತ್ತದೆ ಎಂದು ಜರ್ಮನಿಯಲ್ಲಿ ಯಾರೂ ಹೇಳಿದಂತಿಲ್ಲ.

ಎಂಜಿನಿನ ಮಾತು ಬೇರೆ. 4 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರು, ಎರಡು ಟರ್ಬೊ, 612 ಪಿಎಸ್ ಶಕ್ತಿ, 850 ನ್ಯೂಟನ್ ಮೀಟರ್ ತಿರುಗುಬಲ. ಎರಡೂವರೆ ಟನ್ ಭಾರ ಹೊತ್ತು 4.2 ಸೆಕೆಂಡಿಗೆ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ. ಅಷ್ಟರಲ್ಲಿ ಪುಂಡಿಪಲ್ಯದ ಡಬ್ಬಿಯೂ ಮುಚ್ಚಳ ಬಿಟ್ಟಿರುತ್ತದೆ. ಮೂರನೇ ಸಾಲಿನವರು ಕೂತಿರುವುದು ಹಿಂದಿನ ಅಚ್ಚಿನ ನೆತ್ತಿಯ ಮೇಲೆ, ಪ್ರತಿ ಕುಣಿಯ ವರದಿ ಮೊದಲು ಅವರ ಬೆನ್ನಿಗೇ ಬರುತ್ತದೆ. ಹೊಲಕ್ಕೆ ಹೋಗಲು ಈ ಅವಸರ ಯಾರಿಗೆ ಬೇಕಿತ್ತೋ!

ಇನ್ನು ಟಯರು. 22 ಇಂಚಿನ ಗಾಲಿಗೆ ಮುಂದೆ 285/40, ಹಿಂದೆ 325/35. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಗುಣಿಸಿ ನೋಡಿ, ಎರಡಕ್ಕೂ ಪಕ್ಕದ ರಬ್ಬರಿನ ಎತ್ತರ 114 ಮಿಲಿಮೀಟರ್, ನಾಲ್ಕೂವರೆ ಇಂಚು. ಅಗಲ ಬೇರೆಬೇರೆಯಾದ್ದರಿಂದ ಹಿಂದಿನದನ್ನು ಮುಂದೆ ಹಾಕುವಂತಿಲ್ಲ. ಈ ಜಾತಿಯ ಬಹಳ ಗಾಡಿಗಳಲ್ಲಿ ಸ್ಟೆಪ್ನಿ ಬದಲು ಅಂಟುದ್ರಾವಣದ ಬಾಟಲಿ ಇರುತ್ತದೆ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು. ಕೊಯ್ದ ತೊಗರಿಯ ಕೂಳಿ ಪಕ್ಕದ ರಬ್ಬರು ಸೀಳಿದರೆ ಬಾಟಲಿ ಹಿಡಿದು ಕೂಡಬೇಕು, ಅಷ್ಟೇ.

ಹಿಂದೆ ಹೊಲಕ್ಕೆ ಹೋಗುತ್ತಿದ್ದ ಎತ್ತಿನ ಚಕ್ಕಡಿಗೆ ಈ ತಂಟೆ ಇರಲಿಲ್ಲ. ಅದರ ಟಯರು ಕಬ್ಬಿಣದ ಪಟ್ಟಿ. ಕಮ್ಮಾರ ಸಣ್ಣದೊಂದು ಚಕ್ರವನ್ನು ಗಾಲಿಯ ಸುತ್ತ ಉರುಳಿಸಿ ಸುತ್ತಳತೆ ತೆಗೆಯುತ್ತಿದ್ದ. ಪಟ್ಟಿಯನ್ನು ಅದಕ್ಕಿಂತ ತುಸು ಗಿಡ್ಡ ಕತ್ತರಿಸಿ, ಬಳೆಯ ಹಾಗೆ ಬೆಸೆದು, ಸುತ್ತ ಸಗಣಿಯ ಕುಳ್ಳು ಪೇರಿಸಿ ಬೆಂಕಿ ಹಚ್ಚುವುದು. ಐದು ಅಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್. 500 ಡಿಗ್ರಿ ಕಾವೇರಿದರೆ ಅಷ್ಟುದ್ದದ ಕಬ್ಬಿಣ ಹಿಗ್ಗುವುದು 28 ಮಿಲಿಮೀಟರಿನಷ್ಟು. ಇಡೀ ವಿದ್ಯೆ ಆ ಒಂದೂವರೆ ಬೆರಳಿನಲ್ಲಿದೆ. ಕೆಂಪಗಾದ ಬಳೆಯನ್ನು ನಾಲ್ಕು ಮಂದಿ ಇಕ್ಕಳದಲ್ಲಿ ಹಿಡಿದು ತಂದು ಗಾಲಿಗೆ ತೊಡಿಸಬೇಕು, ಕಟ್ಟಿಗೆ ಹೊತ್ತಿಕೊಳ್ಳುವುದರೊಳಗೆ ಬಡಿದು ಕೂಡಿಸಿ ನೀರು ಸುರಿಯಬೇಕು. ಚುಂಯ್ ಅಂತ ಹೊಗೆಯೇಳುತ್ತಲೇ ಪಟ್ಟಿ ಬಿಗಿದು ಒಳಗಿನ ಅರಗಳೆಲ್ಲ ಕಟಕಟ ಅಂದು ತಂತಮ್ಮ ತೂತಿನಲ್ಲಿ ಕೂಡುತ್ತವೆ. ಅಳತೆ ಗಿಡ್ಡಾದರೆ ಅರ ಬಾಗುತ್ತದೆ. ಉದ್ದಾದರೆ ಬ್ಯಾಸಿಗಿಯಲ್ಲಿ ಕಟ್ಟಿಗೆ ಒಣಗಿ ಪಟ್ಟಿ ಕಳಚುತ್ತದೆ. ಆಗ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಹಾಕುವುದೇ ಮದ್ದು. ಸ್ಟೆಪ್ನಿ ಅದಕ್ಕೂ ಇರಲಿಲ್ಲ ಅನ್ನಿ.

ಓಣಿಗೆ ಬರೋಣ. ಮೂರನೇ ಸಾಲಿನ ಒಂದು ಸೀಟನ್ನು ಗುಂಡಿ ಒತ್ತಿ ಮಲಗಿಸಿದರು. ಅದು ತನ್ನ ಗತ್ತಿನಲ್ಲಿ, ಮೆಲ್ಲಗೆ ಮಲಗಿತು. ನೂರು ಮುಟ್ಟಲು ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು. ಬುಟ್ಟಿ ಆಗಲೂ ಓರೆಯಾಯಿತು. ಕೊನೆಗೆ ಅದನ್ನು ನಡುವಿನ ಸಾಲಿಗೆ ತಂದು, ಕಿಟಕಿಯ ಪಕ್ಕ ಕೂಡಿಸಿ, ಬೆಲ್ಟು ಹಾಕಿದರು.

"ಅಮ್ಮಾ, ನೀ ಹಿಂದ ಹತ್ತು," ಎಂದ ಮಗ.

ಅಮ್ಮ ಬಗ್ಗಿ ಒಳಗೆ ನೋಡಿದಳು. ನಡುವಿನ ಸೀಟು ಮುಂದಕ್ಕೆ ಮಣಿದಿತ್ತು, ಅದರ ಸಂದಿಯಲ್ಲಿ ತೂರಬೇಕು. ಒಂದು ಕೈಯಲ್ಲಿ ಅಂಬಲಿ ಗಡಿಗೆ, ಮೈಮೇಲೆ ಇಳಕಲ್ ಸೀರೆ.

"ಏ ತಮ್ಮಾ, ನಿಲ್ಲಸು," ಎಂದು ಕೂಗಿದಳು, ಹಿಂದೆ ಬರುತ್ತಿದ್ದ ಟಂಟಂ ಆಟೋಗೆ.