ಆನ್ ಆರ್ಬರ್‌ನ ಆ ಶನಿವಾರ ಮರೆತಿರಾ?

ಅಮೆರಿಕನ್ ಫುಟ್‌ಬಾಲ್ ಆಡುವ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಬಗೆಗಿನ ನಿಮ್ಮ ಲೇಖನದಲ್ಲಿ, ‘ಮೊದಲ ಪಂದ್ಯ ಸಣ್ಣ ಕಾಲೇಜಿನ ಮೇಲೆ, ಮಿಷಿಗನ್‌ಗೆ ಅದು ಬರೀ ಕೈ ಪಳಗಿಸಿಕೊಳ್ಳುವ ಆಟ’ ಅಂತ ಬರೆದಿದ್ದೀರಿ. 2007ರ ಸೆಪ್ಟೆಂಬರ್ 1ರಂದೂ ಎಲ್ಲರೂ ಹೀಗೇ ಅಂದಿದ್ದರು. 5ನೇ ರ‍್ಯಾಂಕಿನ ಮಿಷಿಗನ್, ತನ್ನೂರು ಆನ್ ಆರ್ಬರ್‌ನ ತನ್ನದೇ ಅಂಗಳದಲ್ಲಿ ಅಪಲಾಚಿಯನ್ ಸ್ಟೇಟ್ ಎಂಬ ಕಾಲೇಜು ತಂಡಕ್ಕೆ 34-32ರಲ್ಲಿ ಸೋತಿತು. ಗೆಲುವಿಗಾಗಿ ಮಿಷಿಗನ್ ಕೊನೇ ಗಳಿಗೆಯಲ್ಲಿ ಗೋಲುಕಂಬಗಳ ನಡುವೆ ಹಾಯಿಸಲು ಒದ್ದ ಚೆಂಡನ್ನು (ಫೀಲ್ಡ್ ಗೋಲ್) ತಡೆದ ಎದುರಾಳಿ ಆಟಗಾರ ಆ ಚೆಂಡನ್ನೇ ಎತ್ತಿಕೊಂಡು ಓಡುತ್ತಿದ್ದರೆ, ಲಕ್ಷ ಮೀರಿದ ಜನ ಗರಬಡಿದವರ ಹಾಗೆ ನೋಡುತ್ತಿದ್ದರು. ‘ಸಣ್ಣ ತಂಡ’ ಅನ್ನೋದೂ ನಮ್ಮ ಭ್ರಮೆ. ಕೆಳಗಿನ ವಿಭಾಗದಲ್ಲಿ ಅವರು ಆಗಲೇ ಸತತ ಎರಡು ಸಲ ಚಾಂಪಿಯನ್ನರು.

ಇನ್ನು ಚೆಂಡೆಸೆದು ದಾಳಿ ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಹೊಗಳಿಕೆಗೇ ಅರ್ಧ ಲೇಖನ ಮುಗಿದಿದೆ. ಚೆಂಡೆಸೆಯಲು ಅವನಿಗೆ ಮೂರು ಸೆಕೆಂಡ್ ಗಳಿಸಿಕೊಡಬೇಕಾದ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐದು ದಢೂತಿಗಳ ಬಗ್ಗೆ ಒಂದಕ್ಷರವೂ ಇಲ್ಲವಲ್ಲ ಸ್ವಾಮಿ?